ಇಶ್ಯೂ ರಿಜಿಸ್ಟರಿನಲ್ಲಿ ನನ್ನ ಹೆಸರು

ಬಾಗಿಲು ತೆರೆಯಲಿಲ್ಲ. ಕೀಲಿ ತೆಗೆದಾಗಿತ್ತು, ಚಿಲಕ ಸರಿದಿತ್ತು, ಆದರೂ ಬಾಗಿಲು ಜಗ್ಗಲಿಲ್ಲ. ನೀರು ಕುಡಿದು ಉಬ್ಬಿದ ಹಲಗೆ ಚೌಕಟ್ಟಿಗೆ ಕಚ್ಚಿಕೊಂಡಿತ್ತು, ಒಳಗಿನಿಂದ ರಾಡಿ ಒತ್ತಿ ಹಿಡಿದಿತ್ತು. ಹೆಡ್ ಮಾಸ್ತರರು ಸಿಪಾಯಿಯ ಮುಖ ನೋಡಿದರು. ಸಿಪಾಯಿ ನನ್ನ ಮುಖ ನೋಡಿದ. "ಓಣ್ಯಾಗಿಂದ ಒಂದ್ ನಾಕ್ ಮಂದೀನ ಕರಸೂಣೇನ್ರಿ ಸರ?" ಅಂದ. ಯಾವ ಓಣಿ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಊರಲ್ಲಿ ಹತ್ತಿಪ್ಪತ್ತು ಓಣಿಗಳಿವೆ. ಆದರೆ ಸತ್ತ ಎಮ್ಮೆ ಎಳೆಯುವಾಗ, ಗಟಾರ ಬಳಿಯುವಾಗ, ರಾಡಿ ಎತ್ತುವಾಗ ಓಣಿ ಅಂದರೆ ಒಂದೇ ಓಣಿ. ನಾನು ಹುಟ್ಟಿದ ಓಣಿ.

ನಮ್ಮದು ಮಲಪ್ರಭಾ ದಂಡೆಯ ಊರು. ಖಾನಾಪುರದ ಕಾಡಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ಈ ಹೊಳೆ ಬೇಸಿಗೆಯಲ್ಲಿ ನಮ್ಮೂರ ಹತ್ತಿರ ಬರುವಾಗ ಹೊಳೆಯಾಗಿ ಇರುವುದಿಲ್ಲ. ಜಾಲಿ ಬೆಳೆದ ಹಳ್ಳ ಅದು. ದಂಡೆಯ ಹೊಲದವರು ವರ್ಷಕ್ಕೊಂದು ಸಾಲು ಒಳಗೆ ಒತ್ತುತ್ತಾ ಹೋಗಿ, ಹೊಳೆ ಎಲ್ಲಿತ್ತು ಹೊಲ ಎಲ್ಲಿತ್ತು ಎನ್ನುವುದು ಮುದುಕರಿಗಷ್ಟೇ ಗೊತ್ತು. 2019ರ ಆಗಸ್ಟಿನಲ್ಲಿ ಘಟ್ಟದ ಮಳೆಗೆ ನವಿಲುತೀರ್ಥದ ಅಣೆಕಟ್ಟು ತುಂಬಿ, ಬಾಗಿಲು ತೆರೆದಾಗ ಹೊಳೆಗೆ ತನ್ನ ಹಳೆಯ ದಾರಿ ನೆನಪಾಯಿತು. ಬೆಳಗಾವಿ, ಬಾಗಲಕೋಟೆ, ಗದಗ ಮೂರೂ ಜಿಲ್ಲೆಯ ಹೊಳೆಸಾಲಿನ ಊರುಗಳಿಗೆ ನೀರು ಹೊಕ್ಕಿತು. ಪಟ್ಟದಕಲ್ಲಿನ ಗುಡಿಗಳೊಳಗೂ ಹೊಕ್ಕಿತು. ಪೇಪರಿನಲ್ಲಿ ಗುಡಿಗಳ ಫೋಟೋ ಬಂತು. ಅದಕ್ಕೆ ಹತ್ತು ವರ್ಷ ಮೊದಲು 2009ರಲ್ಲಿಯೂ ಹೀಗೇ ಬಂದಿತ್ತು. ಆಗ ಸರ್ಕಾರ ಎತ್ತರದಲ್ಲಿ ಕಟ್ಟಿಸಿದ ಆಸರೆ ಮನೆಗಳಿಗೆ ಕೆಲವರು ಹೋದರು, ಕೆಲವರು ಹೋಗಲಿಲ್ಲ, ಕೆಲವರ ಹೆಸರು ಪಟ್ಟಿಯಲ್ಲಿ ಇರಲೇ ಇಲ್ಲ. ನಮ್ಮ ಓಣಿ ಊರಿನ ತಗ್ಗಿನಲ್ಲಿದೆ. ಹೊಳೆ ಮೊದಲು ಬರುವುದು ನಮ್ಮಲ್ಲಿಗೆ. ಆಮೇಲೆ ಶಾಲೆಗೆ.

ನೀರು ಹೊಕ್ಕ ಒಂಬತ್ತನೆಯ ದಿನ ನಾವು ಆ ಬಾಗಿಲ ಮುಂದೆ ನಿಂತದ್ದು. ಹಾರೆ ಹಾಕಿ ಒಡೆದಾಗ ಮೊದಲು ಹೊರಬಂದದ್ದು ವಾಸನೆ. ಕೊಳೆತ ಕಾಗದದ ವಾಸನೆ ಹೇಗಿರುತ್ತದೆ ಅಂತ ಕೇಳಿದರೆ, ಹಗೇವಿನಲ್ಲಿ ನೀರು ಹೊಕ್ಕ ಜೋಳದ ಹಾಗೆ ಎನ್ನಬಹುದು. ಗೋಡೆಯ ಮೇಲೆ ನನ್ನ ಎದೆ ಮಟಕ್ಕೆ ನೀರಿನ ಗೆರೆ. ಮೂರು ಕಟ್ಟಿಗೆಯ ಕಪಾಟು, ಎರಡು ಕಬ್ಬಿಣದವು. ಒಂದು ಕಟ್ಟಿಗೆಯದು ಮಕಾಡೆ ಬಿದ್ದಿತ್ತು. ಕಬ್ಬಿಣದ ಕಪಾಟುಗಳಲ್ಲಿ ಪುಸ್ತಕಗಳು ಉಬ್ಬಿ, ಒಂದಕ್ಕೊಂದು ಬಿಗಿದು, ತಗಡಿನ ಬಗಲನ್ನೇ ಹೊರಕ್ಕೆ ಬಗ್ಗಿಸಿದ್ದವು. ಒಂದನ್ನು ಹಿಡಿದು ಎಳೆದರೆ ಬೆನ್ನು ಮಾತ್ರ ಕೈಗೆ ಬರುತ್ತಿತ್ತು. ಮೇಲಿನ ಎರಡು ಖಾನೆಗಳು ನೀರಿಗೆ ಸಿಕ್ಕಿರಲಿಲ್ಲ. ಕೆಳಗಿನವುಗಳ ಮೇಲೆ ಬಿಳಿ, ಹಸಿರು, ಕರಿ ಬೂಷ್ಟು. ಆಗಸ್ಟಿನ ಹವೆಯಲ್ಲಿ ಒದ್ದೆ ಕಾಗದಕ್ಕೆ ಬೂಷ್ಟು ಹತ್ತಲು ಎರಡು ಮೂರು ದಿನ ಸಾಕು. ನಾವು ಒಂಬತ್ತು ದಿನ ಕಳೆದಿದ್ದೆವು.

"ಪಂಚನಾಮೆ ಮಾಡಿ ವಜಾ ಬರೀರಿ, ತಗ್ಗ ತೋಡಿ ಮುಚ್ಚಿಬಿಡ್ರಿ" ಅಂತ ಮೇಲಿನ ಕಚೇರಿಯಿಂದ ಫೋನಿನಲ್ಲಿ ಹೇಳಿದರು. ಅದು ತಪ್ಪು ಮಾತೇನಲ್ಲ. ಸುತ್ತಲಿನ ಊರುಗಳಲ್ಲಿ ಅನ್ನಕ್ಕೆ ಗತಿಯಿಲ್ಲದೆ ಮಂದಿ ಗಂಜಿ ಕೇಂದ್ರದಲ್ಲಿ ಕೂತಿರುವಾಗ ಶಾಲೆಯ ಮೂರು ಸಾವಿರ ಪುಸ್ತಕದ ಚಿಂತೆ ಯಾರಿಗಿರುತ್ತದೆ? ಹೆಡ್ ಮಾಸ್ತರರು ಒಳ್ಳೆಯ ಮನುಷ್ಯ, ವಯಸ್ಸಿನಲ್ಲಿ ನನಗಿಂತ ಸಣ್ಣವರು. "ನೀವು ಲೈಬ್ರರಿ ಇನ್‌ಚಾರ್ಜ್, ನೀವು ಹ್ಯಾಂಗಂತೀರೋ ಹಂಗ" ಅಂದರು.

ನಾನು ಏನೂ ಅನ್ನಲಿಲ್ಲ. ಆ ಕೋಣೆಯ ಹೊಸ್ತಿಲಲ್ಲಿ ನಿಂತಾಗಲೆಲ್ಲ ನನಗೆ ಹದಿನಾಲ್ಕು ವರ್ಷವೇ.

1978. ನಾನು ಅದೇ ಶಾಲೆಯ ಒಂಬತ್ತನೆಯ ಇಯತ್ತೆ. ಶನಿವಾರ ಕೊನೆಯ ತಾಸು ಲೈಬ್ರರಿಯದು. ಕನ್ನಡ ಮಾಸ್ತರರು ಕಪಾಟಿನ ಕೀಲಿ ತೆಗೆದು ಮೇಜಿನ ಮೇಲೆ ಒಂದಿಪ್ಪತ್ತು ಪುಸ್ತಕ ಹರವುತ್ತಿದ್ದರು. ಹುಡುಗರು ಸಾಲಾಗಿ ಬಂದು ತಗೊಂಡು ಹೆಸರು ಬರೆಸಿ ಹೋಗುತ್ತಿದ್ದರು. ನಮ್ಮ ಓಣಿಯ ಏಳು ಹುಡುಗರದು ಸಾಲಿನ ಬಾಲ. ನನ್ನ ಸರದಿ ಬಂದಾಗ ಮೇಜಿನ ಮೇಲೆ ಪುಸ್ತಕ ಇದ್ದವು. ಕೈ ಚಾಚಿದೆ. ಮಾಸ್ತರರು ಪುಸ್ತಕವನ್ನು ಮೆಲ್ಲಗೆ ತಮ್ಮ ಕಡೆ ಸರಿಸಿಕೊಂಡರು. "ತಮ್ಮಾ, ನಿಮ್ಮ ಮನ್ಯಾಗ ಬುಕ್ಕ ಎಲ್ಲಿ ಇಡ್ತಿ? ತೊಗಲಿನ ನಾತ ಹತ್ತಿತಂದ್ರ ಹಾಳಿ ಹೋಗೂದಿಲ್ಲ. ಅವ್ರು ಓದತಾರು, ನೀ ಕೇಳು." ಸಿಟ್ಟಿನಿಂದ ಅಂದದ್ದಲ್ಲ. ಮಕ್ಕಳಿಗೆ ಬುದ್ಧಿ ಹೇಳುವ ದನಿ. ಸಿಟ್ಟಿನಿಂದ ಅಂದಿದ್ದರೆ ನಾನು ಅದನ್ನು ಎಂದೋ ಮರೆಯುತ್ತಿದ್ದೆ.

ನಮ್ಮ ಮನೆಯಲ್ಲಿ ತೊಗಲಿನ ನಾತ ಇದ್ದದ್ದು ನಿಜ. ಅಪ್ಪ, ಕಾಕಾ ಇಬ್ಬರೂ ಊರಿನ ರೈತರಿಗೆ ಮಿಣಿ, ಬಾರಕೋಲು, ಕೆರ ಮಾಡಿಕೊಡುತ್ತಿದ್ದರು. ನಾವು ಹೊಲಿದ ಕೆರ ಹಾಕಿಕೊಂಡೇ ಮಾಸ್ತರರು ಶಾಲೆಗೆ ಬರುತ್ತಿದ್ದರು. ಆ ಕಪಾಟಿನಲ್ಲಿ ಒಂದು ದಪ್ಪ ನಿಘಂಟು ಇತ್ತು, ಅದರ ಬೆನ್ನು, ಮೂಲೆ ಎಲ್ಲಾ ತೊಗಲಿನದು. ಇದು ನನಗೆ ಗೊತ್ತಾದದ್ದು ಬಹಳ ವರ್ಷ ಆದ ಮೇಲೆ, ಬಿ.ಎಡ್. ಮುಗಿಸಿ, ನಾಲ್ಕು ಊರು ತಿರುಗಿ, ಅದೇ ಶಾಲೆಗೆ ಸಮಾಜ ವಿಜ್ಞಾನದ ಮಾಸ್ತರನಾಗಿ ಬಂದು ಕಪಾಟಿನ ಕೀಲಿ ನನ್ನ ಕೈಗೆ ಬಂದಾಗ.

ಹಾಗಾಗಿ ವಜಾ ಬರೆಯಲಿಕ್ಕೆ ನನ್ನ ಕೈ ಏಳಲಿಲ್ಲ. ಪುಸ್ತಕದ ಮೇಲಿನ ಪ್ರೀತಿ ಅಂತ ನೀವು ಅಂದುಕೊಳ್ಳಬೇಡಿ. ಹಟ ಅದು. ಕೊಡಲೊಲ್ಲದ ಪುಸ್ತಕ ಕೊಡದೇ ಮಣ್ಣಾಗುವುದು ನನಗೆ ಸೇರಲಿಲ್ಲ, ಅಷ್ಟೇ.

ಓಣಿಯಿಂದ ಆರು ಮಂದಿ ಬಂದರು. ಮೊದಲು ಕೂಲಿಯ ಮಾತು ಮುಗಿಸಿದೆ. ಹೆಡ್ ಮಾಸ್ತರರು ಎರಡು ದಿನದ್ದು ಶಾಲೆಯ ಖರ್ಚಿಗೆ ಹಾಕಿದರು, ಉಳಿದದ್ದು ನನ್ನ ಪಗಾರದಿಂದ. ಬಿಟ್ಟಿಯಾಗಿ ಯಾರೂ ಒಂದು ಹಾಳೆ ಎತ್ತಬಾರದು ಅಂತ ಹೇಳಿದ್ದೆ. ಮೊದಲ ದಿನ ನಾನು ಮಾಡಿದ್ದು ತಪ್ಪು ಕೆಲಸ. ಒದ್ದೆ ಪುಸ್ತಕಗಳನ್ನು ಅಂಗಳದ ಬಿಸಿಲಿಗೆ ಹರವಿಸಿದೆ. ಮಧ್ಯಾಹ್ನದ ಹೊತ್ತಿಗೆ ರಟ್ಟುಗಳು ಹಪ್ಪಳದ ಹಾಗೆ ಮುರುಟಿ, ಹಾಳೆಗಳು ತೆರೆತೆರೆಯಾಗಿ, ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಉಳಿದವು.

ಆಗ ಕಾಕಾ ಬಂದ. ಎಪ್ಪತ್ತೈದು ದಾಟಿದ ಮುದುಕ. ಅವನನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ. ಕೋಲೂರಿಕೊಂಡು ಅಂಗಳದಲ್ಲಿ ನಿಂತು ನೋಡಿದ. "ಏ ಮಾಸ್ತರ, ಯಾವ ಶ್ಯಾಣ್ಯಾ ಹೇಳಿದ ಬಿಸಲಿಗಿ ಹಾಕಂತ? ಹಸಿ ತೊಗಲು ಬಿಸಲಿಗಿ ಹಾಕ್ತಾರೇನಲೇ? ಸೆಟದು ಕಟಗಿ ಆಕ್ಕೈತಿ. ನೆರಳಾಗ ಗಾಳಿಗಿ ಹಾಕು. ಅರ್ಧ ಆರಿದ ಮ್ಯಾಲ ಕಲ್ಲು ಹೇರು. ಪೂರಾ ಒಣಗಗೊಡಬ್ಯಾಡ, ಹದ ಇದ್ದಾಗನ ಒತ್ತಬೇಕು."

ಅವನು ಹೇಳಿದ್ದು ಸರಿ ಎಂದು ಆಮೇಲೆ ಓದಿ ತಿಳಿದೆ. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್ ಊರಿಗೆ ಆರ್ನೊ ನದಿ ನುಗ್ಗಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಲಕ್ಷಾಂತರ ಪುಸ್ತಕ ಕೆಸರಿನಲ್ಲಿ ಮುಳುಗಿದವು. ದೇಶದೇಶದ ಹುಡುಗ ಹುಡುಗಿಯರು ಬಂದು ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸಿದರು. ಅವರಿಗೆ ಕೆಸರಿನ ದೇವದೂತರು ಅಂತ ಹೆಸರು ಬಂತು. ತಂಬಾಕು ಒಣಗಿಸುವ ಕೊಟ್ಟಿಗೆಗಳಲ್ಲಿ ಪುಸ್ತಕ ಒಣಗಿಸಿದರು. ನೆನೆದ ಪುಸ್ತಕ ಉಳಿಸುವ ವಿದ್ಯೆಗೆ ಇವತ್ತು ಜಗತ್ತಿನಲ್ಲಿ ಇರುವ ಬಹಳ ತಿಳಿವಳಿಕೆ ಅಲ್ಲಿಂದಲೇ ಬೆಳೆದದ್ದಂತೆ. ನಮ್ಮ ಓಣಿಯವರು ಸಾವಿರ ವರ್ಷದಿಂದ ಕೆಸರು ಎತ್ತುತ್ತಿದ್ದಾರೆ. ಅವರಿಗೆ ಬಂದ ಹೆಸರು ಬೇರೆ.

ಕಾಕಾನ ಮಾತಿನಂತೆ ಎಲ್ಲ ಬದಲಾಯಿತು. ಒಣಗಿಸಲು ಕೈ ಸಿಗದ ಪುಸ್ತಕಗಳನ್ನು ಒದ್ದೆ ಗೋಣಿಯಲ್ಲೇ ಸುತ್ತಿಟ್ಟೆವು, ಅರೆಬರೆ ಆರಿದರೆ ಅಂಟಿಕೊಳ್ಳುತ್ತವೆ ಎಂದು. ಹೆಂಗಸರು ಬುಟ್ಟಿ ನೀರಿನಲ್ಲಿ ಪುಸ್ತಕ ಮುಚ್ಚಿ ಗಟ್ಟಿ ಹಿಡಿದು ಅದ್ದಿ ಅದ್ದಿ ಎರೆಮಣ್ಣು ಬಿಡಿಸಿದರು. ಎರೆಮಣ್ಣು ಒಣಗಿದರೆ ಸಿಮೆಂಟು, ಹಸಿಯಿರುವಾಗಲೇ ಹೋಗಬೇಕು. ತೆರೆದು ತೊಳೆದರೆ ಹಾಳೆಯೊಳಗೆ ಮಣ್ಣು ಸೇರುತ್ತದೆ. ಆಮೇಲೆ ಹತ್ತು ಹದಿನೈದು ಹಾಳೆಗೊಂದು ಹಳೆಯ ಪೇಪರು ಇಟ್ಟು ಹಿಂಡದೆ ಒತ್ತುವುದು, ಎರಡು ತಾಸಿಗೊಮ್ಮೆ ಪೇಪರು ಬದಲಿಸುವುದು. ಪೇಪರಿಗಾಗಿ ತಾಲ್ಲೂಕಿನ ಕಿರಾಣಿ ಅಂಗಡಿಗಳನ್ನೆಲ್ಲ ತಿರುಗಿದೆ. ಕರೆಂಟು ಇಲ್ಲ, ಫ್ಯಾನಿಲ್ಲ. ಶಾಲೆಯ ಪಡಸಾಲೆಯುದ್ದಕ್ಕೂ ಹಗ್ಗ ಕಟ್ಟಿ ತೆಳುವಾದ ಪುಸ್ತಕಗಳನ್ನು ನಡು ಹಾಳೆಯಲ್ಲಿ ಹಿಡಿದು ತೂಗುಬಿಟ್ಟೆವು. ಬೂಷ್ಟು ಹತ್ತಿದವನ್ನು ಬೇರೆ ಕೋಣೆಗೆ ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಪೂರಾ ಒಣಗಿದ ಮೇಲೆ ಮೆತ್ತನೆ ಕುಂಚದಿಂದ ಹೊರಗೆ ಝಾಡಿಸಿದೆವು. ಕಪಾಟಿಗೆ ಬೇವಿನ ಎಲೆ, ಬಜೆ ಬೇರು.

ನುಣುಪು ಕಾಗದದ ಪುಸ್ತಕ ಒಂದೂ ಉಳಿಯಲಿಲ್ಲ. ಅಟ್ಲಾಸುಗಳು, ಬಣ್ಣದ ಚಿತ್ರದ ವಿಜ್ಞಾನದ ಪುಸ್ತಕಗಳು ಇಟ್ಟಂಗಿಯಾದವು. ಆ ಕಾಗದಕ್ಕೆ ಬಳಿದ ಲೇಪ ನೀರಿನಲ್ಲಿ ಅಂಟಾಗುತ್ತದೆ. ಕಡಿಮೆ ಬೆಲೆಯ ಒರಟು ಕಾಗದದ ಕಾದಂಬರಿಗಳು, ಕಥೆಗಳು, ಸರ್ಕಾರದ ಅಗ್ಗದ ಪ್ರಕಟಣೆಗಳು ಬದುಕಿದವು.

ನಾಲ್ಕನೆಯ ದಿನ ತಂಗಿ ಬಂದಳು. ಅವಳ ಮನೆಯ ಹಿಂದಿನ ಗೋಡೆ ಬಿದ್ದಿತ್ತು. ಹಗೇವಿನ ಜೋಳ ಕೊಳೆತು ನಾಯಿಯೂ ಮೂಸುತ್ತಿರಲಿಲ್ಲ. ಪಡಸಾಲೆಯಲ್ಲಿ ತೂಗುಬಿದ್ದ ಪುಸ್ತಕಗಳನ್ನು ನೋಡಿ, "ಯಣ್ಣಾ, ನನ್ನ ಮಕ್ಕಳ ಹಾಸಿಗಿ ಒಣಗಸಾಕ ಒಂದು ಹಗ್ಗ ಇಲ್ಲ. ನೀ ಇಲ್ಲಿ ಬುಕ್ಕಿಗಿ ಜೋಲಿ ಕಟ್ಟೀದಿ" ಅಂದಳು. ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಎರಡು ಹಗ್ಗ ಬಿಚ್ಚಿ ಕೊಟ್ಟೆ. ಸಂಜೆ ಅವಳೇ ತಿರುಗಿ ಬಂದು ಬುಟ್ಟಿಯ ಮುಂದೆ ಕೂತಳು, ಕೂಲಿ ಇದೆಯಲ್ಲ ಅಂತ.

ಇನ್ನು ರಿಜಿಸ್ಟರಿನ ಮಾತು. ಪುಸ್ತಕ ಒಣಗಿದರೆ ಅರ್ಧ ಕೆಲಸ. ಯಾವ ಪುಸ್ತಕ ಇತ್ತು, ಯಾವುದು ಉಳಿಯಿತು, ಯಾವುದು ಹೋಯಿತು ಎಂದು ಹೇಳುವುದು ಸ್ಟಾಕ್ ರಿಜಿಸ್ಟರು. ತಾರೀಖು, ಅನುಕ್ರಮ ನಂಬರು, ಲೇಖಕ, ಹೆಸರು, ಪ್ರಕಾಶಕ, ಪುಟ, ಬೆಲೆ, ಬಿಲ್ ನಂಬರು, ಷರಾ. ಇವಿಷ್ಟು ಅಂಕಣ. ನಮ್ಮಲ್ಲಿ ಮೂರು ಸಂಪುಟ, ಒಟ್ಟು 3,412 ನಂಬರು. ಮೂರೂ ಮೇಜಿನ ಕೆಳಖಾನೆಯಲ್ಲಿ ಮುಳುಗಿದ್ದವು.

ಹೊಸದು ಹೋಗಿ ಹಳೆಯದು ಉಳಿಯಿತು. ಮೂರನೆಯ ಸಂಪುಟವನ್ನು ಜೆಲ್ ಪೆನ್ನು, ಸ್ಕೆಚ್ ಪೆನ್ನುಗಳಲ್ಲಿ ಬರೆದಿದ್ದೆವು. ನಾನೂ ಬರೆದಿದ್ದೆ, ಕೆಂಪು ಹಸಿರು ಶಾಯಿಯಲ್ಲಿ ಚಂದ ಕಾಣಲಿ ಅಂತ. ಹಾಳೆಗಳು ಹೋಳಿಯಾಡಿದ ಅಂಗಿಯಾಗಿದ್ದವು. ಎರಡನೆಯದು ಬಾಲ್ ಪೆನ್ನಿನದು. ಆ ಶಾಯಿ ಎಣ್ಣೆಯದಾದ್ದರಿಂದ ಮುಕ್ಕಾಲು ಓದಬಹುದಿತ್ತು. ಮೊದಲನೆಯದು, ಶಾಲೆ ಶುರುವಾದಂದಿನಿಂದ 1983ರವರೆಗಿನದು, ಒಂದಕ್ಷರ ಅಳಿಸಿರಲಿಲ್ಲ. ನೀಲಿಗಪ್ಪು ಶಾಯಿ. ಅದರಲ್ಲಿ ಕಬ್ಬಿಣದ ಅಂಶ ಇರುತ್ತದೆ, ಗಾಳಿ ತಾಗಿದಂತೆ ಕಾಗದಕ್ಕೆ ಕಚ್ಚಿ ಕಪ್ಪಾಗುತ್ತದೆ, ನೀರಿಗೆ ಬಿಡುವುದಿಲ್ಲ. 1,486 ನಂಬರುಗಳು, ಗುಂಡಗೆ ಮುತ್ತು ಪೋಣಿಸಿದಂಥ ಅಕ್ಷರ.

ಅಕ್ಷರ ಯಾರದು ಅಂತ ಮೊದಲ ನೋಟಕ್ಕೇ ಗೊತ್ತಾಯಿತು. ಆ ಕನ್ನಡ ಮಾಸ್ತರರದು. ಒಂದು ಬೆಲೆ ತಪ್ಪಿಲ್ಲ, ಒಂದು ಗೆರೆ ಸೊಟ್ಟಿಲ್ಲ. ಆ ಮನುಷ್ಯ ಅಷ್ಟು ನೇಮದಿಂದ ಬರೆಯದಿದ್ದರೆ ನಮ್ಮ ಶಾಲೆಯಲ್ಲಿ ಏನಿತ್ತು ಎಂದು ಹೇಳಲು ಇವತ್ತು ಯಾವ ಆಧಾರವೂ ಇರುತ್ತಿರಲಿಲ್ಲ. ಇದನ್ನು ನಾನು ಬರೆಯಲೇಬೇಕು.

ರಕ್ಷಾಪುಟ ಹೋದ ಪುಸ್ತಕ, ಬೆನ್ನಿನ ಚೀಟಿ ಹೋದ ಪುಸ್ತಕ ಯಾವುದೆಂದು ಹೇಗೆ ಹಿಡಿಯುವುದು? ಅದಕ್ಕೂ ಅವರೇ ದಾರಿ ಮಾಡಿಟ್ಟಿದ್ದರು. ಲೈಬ್ರರಿಗಳಲ್ಲಿ ಗುಟ್ಟಿನ ಪುಟ ಅಂತ ಒಂದಿರುತ್ತದೆ. ಕದ್ದವರು ಮೊದಲ ಹಾಳೆ ಹರಿದರೂ ಒಳಗೊಂದು ಗೊತ್ತಾದ ಪುಟದಲ್ಲಿ ಸಿಕ್ಕಾ ಮತ್ತು ನಂಬರು ಇರುತ್ತದೆ. ನಮ್ಮ ಶಾಲೆಯದು ಪುಟ 33. ಹತ್ತನೆಯ ತರಗತಿಯ ನಾಲ್ಕು ಹುಡುಗಿಯರನ್ನು ಕೂಡಿಸಿಕೊಂಡೆ. ಒಬ್ಬಳು ಪುಟ 33 ತೆಗೆದು ನಂಬರು ಕೂಗುವುದು, ಒಬ್ಬಳು ಹಳೆಯ ರಿಜಿಸ್ಟರಿನಲ್ಲಿ ಹುಡುಕುವುದು, ಒಬ್ಬಳು ಹೊಸದರಲ್ಲಿ ಬರೆಯುವುದು, ಒಬ್ಬಳು ಚೀಟಿ ಅಂಟಿಸುವುದು. ಮೂವತ್ತಮೂರು ಪುಟವೇ ಇಲ್ಲದ ತೆಳು ಪುಸ್ತಕ ಬಂದಾಗ ಹುಡುಗಿಯರಿಗೆ ನಗು. ಮೂರನೆಯ ಸಂಪುಟದ ನಂಬರುಗಳಿಗೆ ಹಳೆಯ ಬಿಲ್ಲು, ಗ್ರಾಂಟಿನ ಪಟ್ಟಿ ಹುಡುಕಿ ಹಿಂದಿನಿಂದ ಲೆಕ್ಕ ಕಟ್ಟಬೇಕಾಯಿತು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಈ ಕೆಲಸ ಮನೆಗೆ ತಂದೆ, ಮುಗಿಯಲು ಮತ್ತೆ ಎಂಟು ತಿಂಗಳು ಹಿಡಿಯಿತು. ಒಟ್ಟು ಉಳಿದದ್ದು 1,904 ಪುಸ್ತಕ. ಅದರಲ್ಲಿ 1,731ಕ್ಕೆ ನಂಬರು ಸಿಕ್ಕಿತು. ಉಳಿದವಕ್ಕೆ ತಂದೆತಾಯಿ ಗೊತ್ತಿಲ್ಲದ ಮಕ್ಕಳ ಹಾಗೆ ಹೊಸ ನಂಬರು ಕೊಟ್ಟೆವು.

ವರ್ಗ ನಂಬರು ಬರೆಯುವಾಗ ಒಂದು ತಮಾಷೆ ಕಂಡೆ. ಅಮೆರಿಕದ ಡ್ಯೂಯಿ 1876ರಲ್ಲಿ ಹಾಕಿಕೊಟ್ಟ ಲೆಕ್ಕ ಅದು. ಅದರಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820 ಅಂತ ಮೂರೇ ಅಂಕಿ. ಕನ್ನಡಕ್ಕೆ 894.814. ಚುಕ್ಕೆ ದಾಟಿ ಮೂರು ಮನೆ ಆಚೆ. ಆ ಊರಲ್ಲೂ ಓಣಿಗಳಿವೆ. ನಮ್ಮವರೇ ಆದ ಎಸ್.ಆರ್. ರಂಗನಾಥನ್ ಬೇರೆ ಲೆಕ್ಕ ಹಾಕಿದರು. ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲೊಂದು ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ತೀರಿಕೊಂಡರು. 1931ರಲ್ಲಿ ಅವರು ಲೈಬ್ರರಿಗೆ ಐದು ಸೂತ್ರ ಬರೆದರು. ಮೊದಲನೆಯದರ ಸಾರ, ಪುಸ್ತಕ ಇರುವುದು ಬಳಸಲಿಕ್ಕೆ ಎಂಬುದು. ಬಿ.ಎಡ್.ನಲ್ಲಿ ಇದನ್ನು ಬಾಯಿಪಾಠ ಮಾಡಿ ಮಾರ್ಕು ತೆಗೆದವನು ನಾನು. ಇಷ್ಟು ಸಾದಾ ಮಾತನ್ನು ಸೂತ್ರ ಮಾಡಿ ಹೇಳಬೇಕಾಗಿತ್ತೇ ಅಂತ ಆಗ ಅನಿಸಿತ್ತು.

ರಿಜಿಸ್ಟರುಗಳ ನಡುವೆ ಸಿಕ್ಕಿದ್ದು ಇನ್ನೊಂದು. ಉದ್ದನೆಯ, ಕೆಂಪು ಬಟ್ಟೆಯ ಬೆನ್ನಿನ ವಹಿ. ಇಶ್ಯೂ ರಿಜಿಸ್ಟರು, 1974ರಿಂದ 1982. ಅದನ್ನು ಉಳಿಸಬೇಕೆಂದು ಯಾರಿಗೂ ಇರಲಿಲ್ಲ. ನಲವತ್ತು ವರ್ಷದ ಹಿಂದೆ ಯಾರು ಏನು ಓದಿದರೆ ಈಗ ಯಾರಿಗೇನು? ಹಾಳೆ ಬಿಡಿಸುತ್ತಾ ಪೇಪರು ಇಡುತ್ತಿದ್ದೆ. 1979ರ ಜನವರಿಯ ಪುಟದಲ್ಲಿ ನನ್ನ ಹೆಸರು ಕಂಡಿತು.

ನನ್ನ ಪೂರ್ತಿ ಹೆಸರು, ಅಪ್ಪನ ಹೆಸರು, ತರಗತಿ. ಎದುರಿಗೆ ನಾಲ್ಕು ಪುಸ್ತಕ. ಕೊಟ್ಟ ತಾರೀಖು, ತಿರುಗಿ ಬಂದ ತಾರೀಖು. ಕೊನೆಯ ಅಂಕಣದಲ್ಲಿ ನನ್ನ ಸಹಿ. ಸಹಿ ಹಾಕಲು ಆಗ ನನಗೆ ಬರುತ್ತಿತ್ತೋ ಇಲ್ಲವೋ ನೆನಪಿಲ್ಲ, ಆದರೆ ಆ ಸಹಿ ನನ್ನದಲ್ಲ. ಅದೇ ಗುಂಡನೆಯ ಅಕ್ಷರ, ಸ್ವಲ್ಪ ಸೊಟ್ಟ ಮಾಡಿ ಹುಡುಗರದರಂತೆ ಕಾಣಿಸಿದ್ದು. ನನ್ನ ಕೆಳಗೆ ನಮ್ಮ ಓಣಿಯ ಉಳಿದ ಆರು ಹುಡುಗರ ಹೆಸರು, ಸಾಲಾಗಿ. ಆ ಪುಟದ ಶಾಯಿ, ಪೆನ್ನಿನ ಒತ್ತು ಎಲ್ಲ ಒಂದೇ ಕೂತಲ್ಲಿನದು. ಇನ್‌ಸ್ಪೆಕ್ಷನ್ನಿನ ಹಿಂದಿನ ದಿನ ಕೂತು ಬರೆದದ್ದಿರಬೇಕು. ಆ ಆರರಲ್ಲಿ ಒಬ್ಬ ನನ್ನ ಜೊತೆ ಕೂರುತ್ತಿದ್ದ. ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದ. ಆ ವರ್ಷವೇ ಶಾಲೆ ಬಿಟ್ಟು ಗೋವಾಕ್ಕೆ ದುಡಿಯಲು ಹೋದ, ತಿರುಗಿ ಬರಲಿಲ್ಲ. ಅವನ ಹೆಸರಲ್ಲಿ ಐದು ಪುಸ್ತಕ. ಅವನ ಸಹಿಯೂ ಇದೆ. ಅವನ ಕೈಯ ಗುರುತು ಅಂತ ಈ ಭೂಮಿಯ ಮೇಲೆ ಉಳಿದದ್ದು ಅದೊಂದೇ ಇರಬಹುದು, ಅದೂ ಅವನದಲ್ಲ.

ನನ್ನ ನಾಲ್ಕರಲ್ಲಿ ಎರಡು ಮಣ್ಣಾಗಿದ್ದವು. ಒಂದು ಪಂಚತಂತ್ರ, ಪಡಸಾಲೆಯಲ್ಲಿ ತೂಗುತ್ತಿತ್ತು. ನಾಲ್ಕನೆಯದು ಶಿವರಾಮ ಕಾರಂತರ ಚೋಮನ ದುಡಿ. 1933ರಲ್ಲಿ ಮೊದಲು ಬಂದ ಕಾದಂಬರಿ, ನಮ್ಮಲ್ಲಿದ್ದದ್ದು ಆಮೇಲಿನ ಮುದ್ರಣ. ಅದು ಒಣ ಖಾನೆಯಲ್ಲೇ ಇತ್ತು, ನೀರು ಮುಟ್ಟಿರಲಿಲ್ಲ. ತೆಗೆದು ನೋಡಿದೆ. ಮಧ್ಯದ ಒಂದು ಫಾರಂ ಕತ್ತರಿಸದೇ ಬಂದಿತ್ತು. ಬೈಂಡಿಂಗಿನಲ್ಲಿ ಕೆಲವೊಮ್ಮೆ ಹೀಗಾಗುತ್ತದೆ, ಹಾಳೆಗಳ ಮೇಲಂಚು ಒಂದಕ್ಕೊಂದು ಕೂಡಿಯೇ ಇರುತ್ತದೆ, ಓದುವವನು ಕತ್ತರಿಸಿಕೊಳ್ಳಬೇಕು. ನಲವತ್ತು ವರ್ಷ ಯಾರೂ ಕತ್ತರಿಸಿರಲಿಲ್ಲ. ನಾನು ಮಾತ್ರ ಓದಿರಲಿಲ್ಲ ಅಂದುಕೊಂಡಿದ್ದೆ. ಊರಿನ ಯಾವ ಹುಡುಗನೂ ಅದನ್ನು ಕೊನೆ ಮುಟ್ಟಿಸಿರಲಿಲ್ಲ.

ಬಾಬಾಸಾಹೇಬರ ಪುಸ್ತಕಗಳೂ ಒಮ್ಮೆ ನೀರುಪಾಲಾದವು. 1917ರಲ್ಲಿ ಲಂಡನ್ನಿನಿಂದ ಬರುವಾಗ ಪುಸ್ತಕಗಳನ್ನು ಬೇರೆ ಹಡಗಿಗೆ ಹಾಕಿದ್ದರು. ಯುದ್ಧದ ಕಾಲ, ಜರ್ಮನ್ ಜಲಾಂತರ್ಗಾಮಿ ಅದನ್ನು ಮುಳುಗಿಸಿತು. ಆಮೇಲೆ ಬರೋಡಾದ ನೌಕರಿ. ಅಲ್ಲಿ ಜವಾನರೂ ಫೈಲುಗಳನ್ನು ಕೈಗೆ ಕೊಡದೆ ದೂರದಿಂದ ಎಸೆಯುತ್ತಿದ್ದರು. ಆ ಮನುಷ್ಯ 1930ರ ದಶಕದಲ್ಲಿ ಮುಂಬಯಿಯ ದಾದರಿನಲ್ಲಿ ಪುಸ್ತಕ ಇಡಲಿಕ್ಕೆಂದೇ ರಾಜಗೃಹ ಅಂತ ಮನೆ ಕಟ್ಟಿಸಿದರು. ಎಲ್ಲಿ ಇಡ್ತಿ ಎಂದು ಕೇಳಿದವರಿಗೆ ಅದು ಗೊತ್ತಿರಲಿಲ್ಲ. ನಮ್ಮ ರಿಜಿಸ್ಟರಿನ ಮೊದಲ ಸಂಪುಟದಲ್ಲಿ ಅಂಬೇಡ್ಕರರ ಒಂದು ಪುಸ್ತಕವೂ ಇಲ್ಲ. 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ ಹೊಲೆಮಾದಿಗರ ಹಾಡು ಇಲ್ಲ. ಕಳೆದುಹೋದ ಪುಸ್ತಕದ ಪಟ್ಟಿ ಮಾಡುವಾಗ, ಎಂದೂ ಬಾರದ ಪುಸ್ತಕದ ಪಟ್ಟಿ ಯಾವ ಅಂಕಣದಲ್ಲಿ ಬರೆಯಬೇಕು ಅಂತ ಯೋಚಿಸಿದೆ. ಹೊಸ ರಿಜಿಸ್ಟರಿನ ಕೊನೆಗೆ ನಾಲ್ಕು ಹಾಳೆ ಬಿಟ್ಟು ತರಿಸಬೇಕಾದವು ಅಂತ ಶೀರ್ಷಿಕೆ ಹಾಕಿ ಬರೆದೆ. ಅದರಲ್ಲಿ ಅರ್ಧ ಬಂದವು.

ಇಶ್ಯೂ ರಿಜಿಸ್ಟರು ನೋಡಿ ಹೆಡ್ ಮಾಸ್ತರರು ಅಂದರು, "ಹಳೇದಾತು ಬಿಡ್ರಿ ಸರ. ಆ ಮಾಸ್ತರರೂ ತೀರಿಕೊಂಡಾರ, ಅವ್ರ ಮಕ್ಕಳು ಊರಾಗ ಅದಾರು. ವಜಾದಾಗ ಹಾಕಿಬಿಡೂಣು." ಕಾಕಾನಿಗೆ ಓದಿ ಹೇಳಿದೆ. ಅವನು ಬಾಯಲ್ಲಿನ ತಂಬಾಕು ಉಗುಳಿ, "ನಿನಗ ಕೊಟ್ಟಾನಂತ ಬರದಾನಲ್ಲ, ಅಂದ್ರ ಕೊಡಬೇಕಿತ್ತು ಅಂತ ಅವಗ ಗೊತ್ತಿತ್ತು" ಅಂದ. ಎರಡು ದಿನ ನಾನು ಅದನ್ನೇ ತಲೆಯಲ್ಲಿ ತಿರುಗಿಸಿದೆ. ಮಾಸ್ತರರ ಮಕ್ಕಳ ಮನೆಗೆ ಒಯ್ದು ತೋರಿಸಬೇಕು ಅನಿಸಿತು, ಮತ್ತೆ ಬೇಡ ಅನಿಸಿತು. ಅದೇ ಕೈ ಬರೆದ 1,486 ಸಾಲು ಇಟ್ಟುಕೊಂಡು ನಾನು ಲೈಬ್ರರಿ ಮರಳಿ ಕಟ್ಟಿದ್ದೆ. ಒಂದನ್ನು ನಂಬಿ ಇನ್ನೊಂದನ್ನು ಹೂಳುವುದು ಹೇಗೆ?

ವಜಾ ಮಾಡಲಿಲ್ಲ. ಕಾಕಾ ಆರಿಯಿಂದ ತೂತು ಹಾಕಿ ಮೇಣದ ದಾರದಲ್ಲಿ ಬೆನ್ನು ಹೊಲಿದ. ಮೈಲುತುತ್ತ ಹಾಕಿ ಮೈದಾ ಅಂಟು ಕಾಯಿಸಿ ರಟ್ಟು ಕೂರಿಸಿದೆ, ಹುಳ ತಿನ್ನಬಾರದೆಂದು. ಸುಮಾರು ಇನ್ನೂರು ಪುಸ್ತಕಗಳಿಗೆ ಹೀಗೆ ಬೆನ್ನು ಕಟ್ಟಿದ ಮುದುಕ ಅವನು, ಒಂದೂ ಓದಲು ಬಾರದೆ. 2021ರಲ್ಲಿ ತೀರಿಕೊಂಡ. ಇಶ್ಯೂ ರಿಜಿಸ್ಟರು ಹೊಸ ದಾಖಲೆಯಲ್ಲಿ ಒಂದು ನಂಬರು ಪಡೆದು ಕಪಾಟಿನಲ್ಲಿದೆ. ಷರಾದಲ್ಲಿ, ಪುಟ 61ರ ಸಹಿಗಳು ಆಯಾ ವಿದ್ಯಾರ್ಥಿಗಳವಲ್ಲ, ಅವರಲ್ಲೊಬ್ಬನಾದ ನಾನು ಬಲ್ಲೆ, ಎಂದು ಬರೆದು ತಾರೀಖು ಹಾಕಿ ಸಹಿ ಮಾಡಿದೆ. ನೀಲಿಗಪ್ಪು ಶಾಯಿಯಲ್ಲಿ. ಆ ಶಾಯಿ ಸಿಗಲು ಹುಬ್ಬಳ್ಳಿಯವರೆಗೆ ಹೋಗಬೇಕಾಯಿತು.

ಕತ್ತರಿಸದ ಹಾಳೆಗಳನ್ನು ಕಾಕಾನ ರಂಪಿಗೆಯಿಂದ ಕತ್ತರಿಸಿ, ಐವತ್ತೈದನೆಯ ವಯಸ್ಸಿನಲ್ಲಿ ನನ್ನ ಹೆಸರಿನ ಪುಸ್ತಕ ಶಾಲೆಯ ಮೆಟ್ಟಿಲ ಮೇಲೆ ಕೂತು ಓದಿದೆ. ಓದಿದ್ದು ಮೊದಲ ಸಲವಲ್ಲ, ಧಾರವಾಡದಲ್ಲಿ ಕಾಲೇಜು ಓದುವಾಗ ಬೇರೆಯವರ ಪ್ರತಿ ಓದಿದ್ದೆ. ಈ ಪ್ರತಿಯನ್ನು ಓದಿದ್ದು ಮೊದಲ ಸಲ.

2024ರಲ್ಲಿ ನಿವೃತ್ತನಾದೆ. ಅದಕ್ಕೂ ಹಿಂದಿನ ವರ್ಷ, ಒಂದು ಶನಿವಾರ, ನಮ್ಮ ಓಣಿಯ ಹುಡುಗಿ, ಒಂಬತ್ತನೆಯ ತರಗತಿ, ಕಪಾಟಿನ ಮುಂದೆ ತಾನೇ ಹುಡುಕಿ ಅದನ್ನೇ ತೆಗೆದು ತಂದಳು. ಕಪಾಟಿಗೆ ಈಗ ಕೀಲಿ ಹಾಕುವುದಿಲ್ಲ. ರಿಜಿಸ್ಟರು ಮುಂದಿಟ್ಟೆ. ಹೆಸರು ಬರೆದು, ನಾಲಿಗೆ ಹೊರಗೆ ಚಾಚಿ, ದೊಡ್ಡದಾಗಿ ಸಹಿ ಹಾಕಿದಳು. ಸಹಿ ಅಂಕಣ ದಾಟಿ ಷರಾದೊಳಗೆ ಹೋಯಿತು. ಹತ್ತು ದಿನ ತಡವಾಗಿ ತಂದು ಕೊಟ್ಟಳು. ಹಾಳೆಯ ಮೂಲೆಯಲ್ಲಿ ಎಣ್ಣೆಯ ಬೆರಳು.

"ಓದಿದೇನವಾ?"

"ಓದಿದ್ನಿರಿ ಸರ. ಕಡೀಕ ಸತ್ತ ಹೋಗ್ತಾನಲ್ರಿ ಅಂವ, ಒಂದು ಬಿಘೆ ಹೊಲಾ ಸೈತ ಸಿಗಲಿಲ್ಲ. ನನಗ ಸೇರಲಿಲ್ಲ. ಬ್ಯಾರೆ ಯಾವುದರ ಕೊಡ್ರಿ."

ನೀನೇ ಹುಡುಕಿಕೋ ಅಂದೆ. ಅವಳು ಕಪಾಟಿನ ಕಡೆ ಹೋದಳು.